ಹವಾಲ್ದಾರ ಭೋಪಳೆಯ ಕೊನೆಯ ಸೀನು

"ಈ ಹುಡುಗಿ ಮೀಸಿ ಹಚ್ಚಾಕತ್ತಾಳೋ, ಗ್ವಾಡಿಗೆ ಪೋಸ್ಟರ್ ಹಚ್ಚಾಕತ್ತಾಳೋ!"

ಸೆಟ್ಟಿನ ಮೇಲೆ ಎಲ್ಲರೂ ಮರಾಠಿಯವರು, ಕನ್ನಡದಲ್ಲಿ ಗೊಣಗಿದರೆ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ ಸಿದ್ದರಾಯ ಅಂದುಬಿಟ್ಟಿದ್ದ. ಅವನ ಮೇಲ್ದುಟಿಗೆ ಗೋಂದು ಸವರುತ್ತಿದ್ದ ಸ್ನೇಹಲಳ ಬ್ರಶ್ಶು ಅಲ್ಲೇ ನಿಂತಿತು.

"ಗ್ವಾಡಿ ಆಗಿದ್ದರ ಭಾಳ ಚಲೋ ಇತ್ರಿ," ಅಂದಳು ಅವಳೂ ಕನ್ನಡದಲ್ಲೇ. "ಗ್ವಾಡಿ ಬಾಯಿ ಮುಚ್ಕೊಂಡ ಇರತೈತಿ."

ಅವನ ಕಣ್ಣು ಅರಳಿದವು. ನಗು ಹೊಟ್ಟೆಯಿಂದ ಮೇಲೇರಿ ಬಂದು ಕೆನ್ನೆಯಲ್ಲಿ ಸಿಕ್ಕಿಕೊಂಡಿತು. ನಕ್ಕರೆ ಹಸಿ ಗೋಂದಿನ ಮೀಸೆ ಜಾರುತ್ತದೆ. ತಡೆದು ತಡೆದು ಮೋರೆ ಕೆಂಪಾಯಿತು. ಕೊನೆಗೂ ನಕ್ಕ. ಮೀಸೆಯ ಅರ್ಧ ಅವಳ ಬೆರಳಿಗೆ ಬಂತು.

ಸ್ನೇಹಲ ಇಚಲಕರಂಜಿಯವಳು. ಅಪ್ಪ ಪವರ್‌ಲೂಮ್ ನಡೆಸುವ ಕೆಲಸಗಾರ. ಮಗ್ಗದ ಖಟಖಟದ ನಡುವೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬೆಳೆದವಳು. ಬ್ಯೂಟಿಪಾರ್ಲರ್ ಕೋರ್ಸು ಮುಗಿಸಿ ಮೇಕಪ್ಪಿನ ಕೆಲಸ ಹಿಡಿದಿದ್ದಳು. ಸಿದ್ದರಾಯ ಗಡಹಿಂಗ್ಲಜದ ಆಚೆ, ಗಡಿಯ ಹಳ್ಳಿಯ ಕುರಿ ಸಾಕುವ ಮನೆಯವನು. ಕೊಲ್ಲಾಪುರಕ್ಕೆ ಬಂದು ನಾಟಕ ಮಾಡುತ್ತಾ ಮಾಡುತ್ತಾ ಟೀವಿಗೆ ಸೇರಿದ್ದ.

ಗೋಕುಳ ಶಿರಗಾಂವದ ಎಂಐಡಿಸಿ ಕೈಗಾರಿಕಾ ವಸಾಹತಿನ ಮುಚ್ಚಿಹೋದ ಒಂದು ಫೌಂಡ್ರಿ ಶೆಡ್ಡಿನಲ್ಲಿ ಆ ಧಾರಾವಾಹಿಯ ಶೂಟಿಂಗ್. ಹೆಸರು 'ಚೌಕಿ ಸಾಡೇತೀನ'. ಮೂರನೆಯ ಪೊಲೀಸ್ ಚೌಕಿಗೂ ನಾಲ್ಕನೆಯದಕ್ಕೂ ನಡುವೆ ಸರಕಾರ ಮರೆತೇಬಿಟ್ಟ ಮೂರೂವರೆ ನಂಬರಿನ ಚೌಕಿಯ ಕಥೆ. ಅದರಲ್ಲಿ ಸಿದ್ದರಾಯನದು ಹವಾಲ್ದಾರ ಭೋಪಳೆಯ ಪಾತ್ರ. ಭೋಪಳೆ ಯಾವ ಕಳ್ಳನನ್ನೂ ಹಿಡಿದವನಲ್ಲ. ಅವನ ಸೈಕಲ್ಲಿನ ಹಿಂದೆ ಕಳ್ಳನೇ ಕುಳಿತು, "ಸಾಹೇಬ್, ಸ್ವಲ್ಪ ಬೇಗ ಹೊಡೀರಿ, ಪೊಲೀಸರು ಬರ್ತಾರೆ" ಎನ್ನುವಂಥ ಹವಾಲ್ದಾರ. ಸಂಜೆ ಏಳಕ್ಕೆ ಜಿಲ್ಲೆಯ ಅರ್ಧ ಮನೆಗಳಲ್ಲಿ ಅವನ ಮುಖ ನೋಡಿ ನಗು ಏಳುತ್ತಿತ್ತು.

ಆದರೆ ನಿರ್ದೇಶಕ ಆಬಾಸಾಹೇಬರದೊಂದು ಹಟವಿತ್ತು. ಇಪ್ಪತ್ತು ನಿಮಿಷ ನಗಿಸಿದ ಮೇಲೆ ಒಂದು ನಿಮಿಷ ಕಣ್ಣು ಒದ್ದೆಯಾಗಿಸಬೇಕು. ಒಮ್ಮೆ ಒಬ್ಬ ಮುದುಕಿ ಚೌಕಿಗೆ ಬರುವ ಸೀನು. ಮಗ ಕಳೆದುಹೋಗಿದ್ದಾನೆ, ಬರೆದುಕೊಳ್ಳಿ ಎನ್ನುತ್ತಾಳೆ. ಮಗ ಸತ್ತು ವರ್ಷಗಳಾದವೆಂದು ಚೌಕಿಗೆಲ್ಲ ಗೊತ್ತು. ಉಳಿದವರು ಕಣ್ಣುಸನ್ನೆ ಮಾಡುತ್ತಾರೆ. ಭೋಪಳೆ ಮಾತ್ರ ಹೊಸ ಹಾಳೆ ತೆಗೆದು, "ಅಂಗಿ ಯಾವ ಬಣ್ಣದ್ದು, ಆಜಿ?" ಎಂದು ಕೇಳಿ ಬರೆದುಕೊಳ್ಳುತ್ತಾನೆ.

ಆ ಸೀನು ಮುಗಿಸಿ ಟಚಪ್ಪಿಗೆ ಬಂದ ಸಿದ್ದರಾಯ, ಸ್ನೇಹಲಳ ಮುಖವನ್ನೇ ನೋಡುತ್ತಾ ನಿಂತ.

"ಮೇಕಪ್ ಮಾಡಾಕಿ ಕಾಡಿಗಿನ ಇಳದೈತಲ್ಲ!"

"ಧೂಳ ಹೋತ್ರಿ ಕಣ್ಣಾಗ."

"ಇಷ್ಟ ದೊಡ್ಡ ಎಂಐಡಿಸಿ ಧೂಳ ನಿನ್ನ ಕಣ್ಣೊಂದ ಹುಡುಕೊಂಡ ಬಂತು ನೋಡು."

"ಖರೇ ಹೇಳ್ರಿ. ಆ ಮುದುಕಿಗಿ ಸುಳ್ಳ ಆಸೆ ತೋರಿಸಿದ್ದು ತಪ್ಪಲ್ಲೇನ್ರಿ?"

ಅವನು ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೊರಗಿಸಿದ. "ಆಸೆ ತೋರಿಸಲಿಲ್ಲ. ಬರ್ಕೊಂಡನಷ್ಟ. ಬರ್ಕೊಳ್ಳೂದೂ ಬಿಟ್ಟರ ಹವಾಲ್ದಾರನ ಕೈಯಾಗ ಇನ್ನೇನೈತಿ?"

ಅಂದಿನಿಂದ ಸ್ನೇಹಲಳಿಗೆ ಬೆಳಗಿನ ಆ ಇಪ್ಪತ್ತು ನಿಮಿಷವೇ ದಿನವಾಯಿತು. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅವಳ ಉಸಿರು ಅವನ ಹಣೆಗೆ ತಾಗುವಷ್ಟು ಹತ್ತಿರ. ಬೇಕೆಂದೇ ಒಂದು ಕಣ್ಣು ತೆರೆದು ಅವಳನ್ನು ನೋಡುತ್ತಿದ್ದ. "ಮುಚ್ಚರಿ" ಎಂದು ಅವಳು ರೆಪ್ಪೆಯ ಮೇಲೆ ಬೆರಳಿಡುತ್ತಿದ್ದಳು. ಹೇಳಬೇಕಾದ ಮಾತನ್ನು ಇಬ್ಬರೂ ಹೇಳಿರಲಿಲ್ಲ. ಅವಸರವಿರಲಿಲ್ಲ. ಭೋಪಳೆ ಇನ್ನೂ ಐನೂರು ಎಪಿಸೋಡು ನಡೆಯುತ್ತಾನೆಂದು ಎಲ್ಲರೂ ನಂಬಿದ್ದರು.

ನವೆಂಬರಿನ ಒಂದು ಸೋಮವಾರ ಮಾನಿಟರ್ ನೋಡುತ್ತಿದ್ದ ಆಬಾಸಾಹೇಬರು ಕೂಗಿದರು. "ಸ್ನೇಹಲ, ಮಿಶೀ ವಾಕಡೀ!"

ಮೀಸೆ ಸೊಟ್ಟಗಿದೆಯಂತೆ. ಅವಳು ಓಡಿಹೋಗಿ ಕಿತ್ತು ಮತ್ತೆ ಅಂಟಿಸಿದಳು. ಮತ್ತೆ ಸೊಟ್ಟ. ಮೂರನೆಯ ಸಲ ಅಳತೆಪಟ್ಟಿ ಹಿಡಿದು ಅಂಟಿಸಿದಳು. ಆಗಲೂ ಎಡಗಡೆ ಕೆಳಗಿಳಿದಿತ್ತು.

"ಚ್ಯಾಷ್ಟಿ ಸಾಕ್ರಿ," ಎಂದು ಅವನ ಕೆನ್ನೆಗೆ ಮೆಲ್ಲಗೆ ತಟ್ಟಿದಳು. "ನನಗ ಬೈಗುಳ ತಿನ್ನಿಸಾಕ ಮಾಡಾಕತ್ತೀರಿ ಹೌದಿಲ್ಲೋ?"

"ಇಲ್ಲ ಮಾರಾಯ್ತಿ, ನಾ ಏನೂ ಮಾಡವಲ್ಲೆ," ಎಂದು ಸಿದ್ದರಾಯ ನಕ್ಕ. ನಗು ಬಲಗಡೆಗಷ್ಟೇ ಹೋಯಿತು.

ಆ ನಗು ನೋಡಿ ಸೆಟ್ಟೆಲ್ಲ ಹೋ ಎಂದು ನಕ್ಕಿತು. ಆಬಾಸಾಹೇಬರು ತೊಡೆ ತಟ್ಟಿಕೊಂಡು, ಇದೇ ಮೋರೆ ಇರಲಿ, ಹೊಸದು ಹುಡುಕಿದ್ದಾನೆ ಎಂದರು. ಆ ದಿನ ಐದು ಸೀನು ಆ ಮೋರೆಯಲ್ಲೇ ನಡೆದವು.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಅವನು ಕುರ್ಚಿಯಲ್ಲಿ ಒರಗಿದ. ಒಂದು ಕಣ್ಣು ಮುಚ್ಚಿತು. ಎಡದ್ದು ಮುಚ್ಚಲಿಲ್ಲ. ಅವಳು ರೆಪ್ಪೆಯ ಮೇಲೆ ಬೆರಳಿಟ್ಟಳು. ಬೆರಳು ತೆಗೆದೊಡನೆ ಅದು ತಾನಾಗಿ ತೆರೆಯಿತು. ಅವನು ಅವಳನ್ನು ನೋಡುತ್ತಿರಲಿಲ್ಲ. ಕಣ್ಣು ಸುಮ್ಮನೆ ತೆರೆದಿತ್ತು.

"ಸಿದ್ದರಾಯ, ಇದೇನ್ರಿ?"

"ನಿನ್ನೆಯಿಂದ ಹಿಂಗ. ಕಿವಿ ಹಿಂದ ನೋವ ಐತಿ. ಚಹಾ ಕುಡದರ ಬಾಯಾಗ ನಿಲ್ಲವಲ್ದು." ಅವನು ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳಬ್ಯಾಡ. ಶುಕ್ರವಾರಕ್ಕ ಈ ಶೆಡ್ಯೂಲ್ ಮುಗೀತೈತಿ. ಶನಿವಾರ ಡಾಕ್ಟರ್ ಹತ್ರ ಹೋಗೂಣು. ಒಂದ ದಿನ ಬಿಟ್ಟರೂ ಬ್ಯಾರೇದಾವ್ನ ತರತಾರ ಇವರು."

ಅವಳು ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ, ಬುಧವಾರವೂ ಇಲ್ಲ, ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ. ದಿನವೂ ಕಣ್ಣಿಗೆ ಡ್ರಾಪ್ಸ್ ಹಾಕಿ, ಮೀಸೆಯನ್ನು ಒಂದಿಷ್ಟು ಮೇಲೆ ಎಳೆದು ಅಂಟಿಸಿ ಕಳಿಸಿದಳು.

ಶನಿವಾರ ಕೊಲ್ಲಾಪುರದ ಡಾಕ್ಟರರು ಪರೀಕ್ಷೆ ಮಾಡಿ ಹಣೆ ಉಜ್ಜಿಕೊಂಡರು. ಮುಖದ ನರಕ್ಕೆ ಪಾರ್ಶ್ವವಾಯು. ಬಹಳ ಜನಕ್ಕೆ ತಾನೇ ಗುಣವಾಗುತ್ತದೆ, ಆದರೆ ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕಿತ್ತು. ಇವನ ನರ ತೀರಾ ಸೋತಿದೆ. ಪೂರ್ತಿ ಬರಬಹುದು, ಅರ್ಧ ಬರಬಹುದು. ದಿನಕ್ಕೆ ಮೂರು ಹೊತ್ತು ಕನ್ನಡಿಯ ಮುಂದೆ ವ್ಯಾಯಾಮ ಮಾಡಬೇಕು.

ಹೊರಗೆ ಔಷಧಿಯ ಸಾಲಿನಲ್ಲಿ ಯಾರೋ ಗುರುತು ಹಿಡಿದರು. "ಅರೇ, ಭೋಪಳೆ!" ಹತ್ತು ಜನ ಕೂಡಿದರು. ಫೋನುಗಳು ಮೇಲೆದ್ದವು. ಸೋಮವಾರದ ಸೀನು ಹಿಂದಿನ ಸಂಜೆಯಷ್ಟೇ ಟೀವಿಯಲ್ಲಿ ಬಂದಿತ್ತು. "ನಿನ್ನೆಯ ಹಾಗೆ ಮೋರೆ ಮಾಡಿ, ಒಂದೇ ಸಲ!" ಎಂದು ಒಬ್ಬಾಕೆ ಬೇಡಿಕೊಂಡಳು. ಸಿದ್ದರಾಯ ಏನೂ ಮಾಡಲಿಲ್ಲ. ಸುಮ್ಮನೆ ನಿಂತ. ಹಾಗೆ ನಿಂತದ್ದಕ್ಕೇ ಜನ ನಕ್ಕರು. ಕೈ ಮುಗಿದು ಬಿಡಿಸಿಕೊಳ್ಳಲು ನೋಡಿದ. ಮಾತು ತುಟಿಯಿಂದ ಗಾಳಿಯಾಗಿ ಜಾರಿತು. ಇನ್ನೂ ನಕ್ಕರು. ಮುಚ್ಚದ ಎಡಗಣ್ಣಿನಿಂದ ನೀರು ತಾನಾಗಿ ಸುರಿಯುತ್ತಿತ್ತು. ಬಲಗಣ್ಣಿನಿಂದಲೂ ಸುರಿಯುತ್ತಿದ್ದುದನ್ನು ಸ್ನೇಹಲ ಒಬ್ಬಳೇ ನೋಡಿದಳು.

"ಬಿಡ್ರಿ ಅವರನ್ನ! ಆಜಾರಿ ಆಹೇತ ತೇ! ಅವರಿಗೆ ಆರಾಮಿಲ್ರಿ!" ಎಂದು ಅವಳು ಮರಾಠಿಯಲ್ಲೂ ಕನ್ನಡದಲ್ಲೂ ಕಿರುಚಿದಳು. ಅದೂ ಧಾರಾವಾಹಿಯ ಒಂದು ಭಾಗವೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು.

ಅವಳು ಗುಳಿಗೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಅವನ ಬಾಡಿಗೆ ಕೋಣೆಯಲ್ಲಿಯೂ ಇರಲಿಲ್ಲ. ಭಾನುವಾರದಿಂದ ಫೋನೂ ಬಂದ್ ಆಯಿತು.

ಡಿಸೆಂಬರು ಹೀಗೆಯೇ ಹೋಯಿತು. ಧಾರಾವಾಹಿಯಲ್ಲಿ ಭೋಪಳೆ 'ರಜೆಯ ಮೇಲೆ' ಇದ್ದ. ಸ್ನೇಹಲ ದಿನಾ ಅವನಿಗೆ ಮೆಸೇಜು ಕಳಿಸುತ್ತಿದ್ದಳು. ಒಂದೇ ಟಿಕ್ಕಿನಲ್ಲಿ ನಿಲ್ಲುತ್ತಿದ್ದವು. ಬಸ್ಸಿನ ಕಿಟಕಿಗೆ ಒರಗಿ ಹಳೆಯ ಎಪಿಸೋಡುಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು, ಅವನು ನಗುವಲ್ಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಹುಬ್ಬು ಮೊದಲು ಏಳುತ್ತಿತ್ತು, ಆಮೇಲೆ ಕೆನ್ನೆ, ಕೊನೆಗೆ ತುಟಿ. ಅವನ ಮುಖ ತನ್ನ ಕೈಯೊಳಗಿದ್ದಾಗಲೇ ಬಿದ್ದುಹೋಯಿತಲ್ಲ ಎಂದುಕೊಳ್ಳುತ್ತಿದ್ದಳು. ಅಕ್ಕಪಕ್ಕದವರು ಇಣುಕಿ ನೋಡಿ ನಗುತ್ತಿದ್ದರು. ಅವಳು ದುಪಟ್ಟಾ ಬಾಯಿಗೊತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಯಲ್ಲಿ ಅವ್ವ, "ತಾಟಿನ ಮುಂದ ಕುಂತ ಅಳಬ್ಯಾಡವ್ವಾ, ಅನ್ನ ಬೈತೈತಿ," ಅನ್ನುತ್ತಿದ್ದಳು.

ಜನವರಿಯಲ್ಲಿ ಆಬಾಸಾಹೇಬರು ಅವಳನ್ನು ಕರೆದರು. ಅವರ ಪಕ್ಕದಲ್ಲಿ ಸಿದ್ದರಾಯನದೇ ಎತ್ತರ, ಅದೇ ಮೈಕಟ್ಟಿನ ಒಬ್ಬ ನಿಂತಿದ್ದ. ಹೆಸರು ಹರ್ಷದ.

"ಗುರುವಾರ ಭೋಪಳೆಯ ಸಾವಿನ ಸೀನು," ಅಂದರು ಆಬಾಸಾಹೇಬರು, ನೆಲ ನೋಡುತ್ತಾ. "ಮಹಾಪೂರದಲ್ಲಿ ಜನರನ್ನು ಉಳಿಸಲು ಹೋಗಿ ಸಾಯುತ್ತಾನೆ. ಮುಂಬೈಯ ಚಾನೆಲ್ಲಿನವರ ತೀರ್ಮಾನ. ಭೋಪಳೆ ಹೋದಮೇಲೆ ನೋಡುವವರು ಕಡಿಮೆಯಾದರು. ಅವನು ಸತ್ತರೆ ವಾರವೆಲ್ಲ ಅಳುತ್ತಾ ನೋಡುತ್ತಾರೆ ಎನ್ನುತ್ತಾರೆ. ಇವನು ಬಿಳಿ ಬಟ್ಟೆಯ ಕೆಳಗೆ ಮಲಗುತ್ತಾನೆ. ಮುಖ ಅರ್ಧ ಕಾಣಬೇಕು. ಸಿದ್ದರಾಯನ ಹಾಗೆ ನೀನೇ ಮಾಡಬೇಕು. ಆ ಮುಖ ನಿನ್ನಷ್ಟು ಯಾರಿಗೆ ಗೊತ್ತು?"

ಬದುಕಿರುವವನ ಹೆಣದ ಮುಖ ತನ್ನ ಕೈಯಿಂದ ಮಾಡುವುದು!

"ಸಾಯಿಸಲೇಬೇಕೇನು? ಬೇರೆ ಊರಿಗೆ ವರ್ಗ ಮಾಡಬಾರದೇ, ಸರ್?" ಎಂದು ಮರಾಠಿಯಲ್ಲಿ ಕೇಳಿದಳು.

"ವರ್ಗವಾಗಿ ಹೋಗುವವನಿಗೆ ಮಾತು ಬೇಕು. ಮಾತಿಗೆ ಮನುಷ್ಯ ಬೇಕು." ಅವರು ತಲೆ ಎತ್ತಿದರು. "ಅವನನ್ನು ಕರೆದು ತಾ. ಗುರುವಾರ ಬೆಳಿಗ್ಗೆ ಅವನು ಇಲ್ಲಿ ನಿಂತರೆ, ಚಾನೆಲ್ಲಿಗೆ ನಾನು ಉತ್ತರ ಹೇಳುತ್ತೇನೆ. ಭೋಪಳೆಯನ್ನು ಬದುಕಿಸುತ್ತೇನೆ."

ಮರುದಿನ, ಮಂಗಳವಾರ, ಅವಳು ಕೊಲ್ಲಾಪುರದಿಂದ ಗಡಹಿಂಗ್ಲಜದ ಎಸ್‌ಟಿ ಬಸ್ಸು ಹತ್ತಿದಳು. ಅಲ್ಲಿಂದ ಸಿಕ್ಕವರನ್ನೆಲ್ಲ ತುಂಬಿಕೊಂಡು ಓಡುವ ವಡಾಪಿನ ಜೀಪಿನಲ್ಲಿ ಹದಿನಾಲ್ಕು ಜನರ ನಡುವೆ ಸಿಕ್ಕಿಕೊಂಡು ಅವನ ಹಳ್ಳಿಗೆ ಮುಟ್ಟಿದಾಗ ಮಧ್ಯಾಹ್ನ.

ಬಾಗಿಲಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದವಳು ಅವನ ತಾಯಿ ದುರ್ಗವ್ವ. ಸ್ನೇಹಲ ಹೆಸರು ಹೇಳುತ್ತಲೇ ಆಕೆಯ ಕೈ ನಿಂತಿತು.

"ಮೀಸಿ ಹಚ್ಚೂ ಹುಡುಗಿ ಏನವ್ವಾ ನೀ?"

"ಹೌದ್ರಿ, ಅತ್ತಿ."

"ಕುಂದ್ರು. ನೀರ ಕುಡಿ." ದುರ್ಗವ್ವ ಚೊಂಬು ತಂದುಕೊಟ್ಟಳು. "ಮೊದಲ ಊರಿಗೆ ಬಂದಾಗೆಲ್ಲ ನಿನ್ನ ಮಾತ ಹೇಳ್ತಿದ್ದ. ಈಗ ಯಾರ ಮಾತೂ ಇಲ್ಲ. ಕನ್ನಡಿ ಕೌದಿ ಕೆಳಗ ಇಟ್ಟಾನ. ಡಾಕ್ಟರ್ ಹೇಳಿದ ವ್ಯಾಯಾಮ ಮಾಡಂತ ಕೈಮುಗದು ಹೇಳಿದೆ. ಕನ್ನಡಿ ನೋಡಬೇಕಾಕ್ಕೈತಿ ಅಂತ ಮಾಡವಲ್ಲ. ಊಟಕ್ಕ ನನ್ನ ಮುಂದನೂ ಕುಂದ್ರೂದಿಲ್ಲ." ಆಕೆ ಕಣ್ಣೊರೆಸಿಕೊಂಡಳು. "ಕಬ್ಬ ಕಡದ ಹೊಲದಾಗ ಕುರಿ ಕೂಡ ಅದಾನ. ಹೋಗು. ಬೈದರ ಬೈಸ್ಕೋ, ತಿರುಗಿ ಬರಬ್ಯಾಡ."

ಕುರಿಗಳು ಕಬ್ಬಿನ ಒಣ ಸೋಗೆಯ ನಡುವೆ ಹರಡಿದ್ದವು. ಸಿದ್ದರಾಯ ಅವಳನ್ನು ದೂರದಿಂದಲೇ ಕಂಡು ಮಫ್ಲರನ್ನು ಮೂಗಿನ ತನಕ ಎಳೆದುಕೊಂಡ. ಬೆನ್ನು ತಿರುಗಿಸಿ ನಿಂತ.

"ಯಾಕ ಬಂದಿ?" ಅವನ ದನಿ ದಪ್ಪಗಾಗಿತ್ತು. 'ಬ' ಎನ್ನುವುದು ತುಟಿ ಸೇರದೆ 'ವ'ದಂತೆ ಕೇಳಿತು.

"ನೋಡಾಕ."

"ನೋಡೂವಂಥಾದ್ದ ಏನೂ ಇಲ್ಲಿಲ್ಲ. ದವಾಖಾನಿ ಮುಂದ ಜನ ನೋಡ್ಯಾರಲ್ಲ, ಸಾಕು."

ಅವಳು ಗುರುವಾರದ ಸೀನಿನ ಮಾತು ಹೇಳಿದಳು. ಹರ್ಷದನ ಮಾತು, ಬಿಳಿ ಬಟ್ಟೆಯ ಮಾತು, ವರ್ಗದ ಮಾತು. ಅವನು ತಿರುಗದೇ ಕೇಳಿದ. ಕೇಳಿ ನಕ್ಕ. ಅದು ನಗೆಯಂತಿರಲಿಲ್ಲ.

"ಸಾಯಲಿ ಬಿಡು ಭೋಪಳೆ. ಅರ್ಧ ಸತ್ತಾನ, ಇನ್ನರ್ಧಕ್ಕ ಯಾಕ ಜಗಳ? ಜನ ನಕ್ಕಿದ್ದ ನನ್ನ ಮಾರಿಗೆ. ಆ ಮಾರಿ ಈಗ ಇಲ್ಲ, ಸ್ನೇಹಲ. ನೀ ಹೋಗು. ಪಾಪ ಅಂತ ಬರಬ್ಯಾಡ ನನ್ನ ಹತ್ರ."

"ಪಾಪ ಅಂತ ಬಂದಿಲ್ರಿ. ತಪ್ಪ ಹೇಳಾಕ ಬಂದೇನಿ."

"ಏನ ತಪ್ಪ?"

ಇಡೀ ಡಿಸೆಂಬರು ಎದೆಯೊಳಗೆ ಇಟ್ಟುಕೊಂಡ ಮಾತು. ಈಗ ಹೇಳದಿದ್ದರೆ ಎಂದೂ ಹೇಳಲಾರಳು. ಸ್ನೇಹಲ ಅವನ ಬೆನ್ನಿಗೇ ಹೇಳಿದಳು.

"ಮಂಗಳವಾರ ನಿಮ್ಮ ಕಣ್ಣ ಮುಚ್ಚಲಿಲ್ಲ. ಅವತ್ತ ನಾ ಸರ್‌ಗೆ ಹೇಳಿದ್ದರ ಅವತ್ತ ಗುಳಿಗಿ ಸಿಗತಿತ್ತು."

"ಹೇಳಬ್ಯಾಡ ಅಂದಾವ ನಾನ. ಅದಕ್ಕ ನೀ ಏನ ಮಾಡ್ತಿ?"

"ನೀವಂದಿದ್ದಕ್ಕ ಸುಮ್ಮಿರಲಿಲ್ಲ ನಾ!" ಅವಳ ದನಿ ಒಡೆಯಿತು. "ಶೂಟಿಂಗ್ ನಿಂತರ ನೀವು ಊರಿಗೆ ಹೋಗ್ತೀರಿ, ಮುಂಜಾನೆ ನನ್ನ ಕುರ್ಚ್ಯಾಗ ಬ್ಯಾರೇ ಯಾರೋ ಕುಂದ್ರತಾರ ಅಂತ ಅಂಜಿದೆ. ಇನ್ನೊಂದ ದಿನ ಇರಲಿ, ಇನ್ನೊಂದ ದಿನ ಇರಲಿ ಅಂದೆ. ನನ್ನ ಆಸೆಗೆ ನಿಮ್ಮ ಮಾರಿ ಕಳದೆ. ಇದ ತಪ್ಪ."

ಸಿದ್ದರಾಯ ತಿರುಗಿದ. ಮಫ್ಲರ್ ಜಾರಿತ್ತು. ಎಡಗೆನ್ನೆ ಒದ್ದೆ ಬಟ್ಟೆಯಂತೆ ಇಳಿಬಿದ್ದಿತ್ತು, ಕಣ್ಣು ಕೆಂಪಾಗಿತ್ತು. ಬಲಗಡೆಯ ಮುಖದಲ್ಲಿ ಮಾತ್ರ ಸಿಟ್ಟು ಕಾಣುತ್ತಿತ್ತು.

"ನಾ ಕೆಲಸ ಹೋಗತೈತಂತ ಅಂಜಿದೆ," ಅಂದ. "ನೀ ನಾ ಹೋಗ್ತೇನಂತ ಅಂಜಿದಿ. ಇಬ್ಬರೂ ಕೂಡೇ ಕೆಡಿಸಿದೆವು." ಆಮೇಲೆ ಕುರಿಗಳತ್ತ ಮುಖ ಮಾಡಿದ. "ಹೋಗು, ಸ್ನೇಹಲ. ಈಗ ನೀ ಹೋಗು. ನಾ ಏನರ ಅಂದ್ರ ಆಮ್ಯಾಲ ತಿರುಗಿ ತಗೊಳ್ಳಾಕ ಆಗೂದಿಲ್ಲ."

ಅವಳು ಹೋದಳು. ಕಡಿದ ಕಬ್ಬಿನ ಕೂಳೆಯ ಮೇಲೆ ಎಡವುತ್ತಾ ಹೋದಳು. ಹಿಂದಿನಿಂದ ಅವನು ಕರೆಯಲಿಲ್ಲ.

ಗುರುವಾರ ಬೆಳಿಗ್ಗೆ ಹರ್ಷದ ಆ ಕುರ್ಚಿಯಲ್ಲಿ ಕುಳಿತ. ಒಳ್ಳೆಯ ಮನುಷ್ಯ. "ತಾಯೀ, ನನಗೂ ಇದು ಖುಷಿಯ ಕೆಲಸ ಅಲ್ಲ," ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಸ್ನೇಹಲ ಬಣ್ಣ ಕಲಸಿದಳು. ಸಿದ್ದರಾಯನ ಹುಬ್ಬಿನ ತಿರುವು ಬರೆದಳು, ಗಲ್ಲದ ಗುಳಿಗೆ ನೆರಳು ಕೊಟ್ಟಳು. ಕೈಗೆ ಎಲ್ಲ ಬಾಯಿಪಾಠ. ಸ್ವಲ್ಪ ಸ್ವಲ್ಪವಾಗಿ ಅವನು ಕನ್ನಡಿಯೊಳಗೆ ಮೂಡಿದ, ಹಳೆಯ ಪೂರ್ತಿ ಮುಖದ ಸಿದ್ದರಾಯ. ಅದರ ಮೇಲೆ ಇನ್ನು ನೀಲಿ ಬಣ್ಣ ಸವರಬೇಕು, ಹೆಣದ ಬಣ್ಣ. ಡಬ್ಬಿಯ ಮುಚ್ಚಳ ತೆರೆದವಳು ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

"ಆಗೂದಿಲ್ಲ. ನನ್ನ ಕೈಲೆ ಆಗೂದಿಲ್ಲ. ಬೇಕಾದರ ಕೆಲಸ ತಗೊಳ್ರಿ."

ಯಾರಿಗೆ ಹೇಳುತ್ತಿದ್ದಳೋ. ಬಾಗಿಲಲ್ಲಿ ಮಾತ್ರ ದುರ್ಗವ್ವ ನಿಂತಿದ್ದಳು, ತಲೆ ಮೇಲೆ ಸೆರಗು, ಕೈಯಲ್ಲಿ ಊಟದ ಗಂಟು. ಆಕೆಯ ಹಿಂದೆ ಮಫ್ಲರ್ ಸುತ್ತಿಕೊಂಡ ಸಿದ್ದರಾಯ.

"ಏಳವ್ವಾ," ಅಂದಳು ದುರ್ಗವ್ವ. "ನಸುಕಿನ್ಯಾಗ ಎಬ್ಬಿಸಿದಾ ನನ್ನ. ನಡಿ ಬೇ, ಹೆಣ ಆಗೂಕಿಂತ ಮೊದಲ ಮುಟ್ಟೂಣು ಅಂದಾ."

ಹರ್ಷದ ತಾನಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟ. ಸಿದ್ದರಾಯ ಕುಳಿತ. ಮಫ್ಲರ್ ಬಿಚ್ಚಿದ. ಕನ್ನಡಿಯತ್ತ ಮಾತ್ರ ನೋಡಲಿಲ್ಲ.

"ಎಷ್ಟ ಮುಚ್ಚಾಕ ಆಗತೈತೋ ಅಷ್ಟ ಮುಚ್ಚು," ಅಂದ. "ನನಗ ಇನ್ನೂ ಧೈರ್ಯ ಇಲ್ಲ."

ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದಳು. ಕೆನ್ನೆಗೆ ನೆರಳು ಕೊಟ್ಟಳು, ಕಾಣದ ತೆಳು ಟೇಪಿನಿಂದ ಬಾಯಿಯ ಎಡತುದಿಯನ್ನು ಕಿವಿಯತ್ತ ಎಳೆದು ಕಟ್ಟಿದಳು. ಅವನು ಬಲಗಣ್ಣು ಮುಚ್ಚಿದ. ಎಡಗಣ್ಣು ಅವಳನ್ನೇ ನೋಡುತ್ತಿತ್ತು.

ಆಬಾಸಾಹೇಬರು ಕೊಟ್ಟ ಮಾತಿನಂತೆ ಕೂತಲ್ಲೇ ಸೀನು ಬರೆದಿದ್ದರು. ಭೋಪಳೆಗೆ ದೂರದ ಊರಿಗೆ ವರ್ಗವಾಗಿದೆ. ಬೆಲ್ಟು, ಸೀಟಿ ಟೇಬಲ್ಲಿನ ಮೇಲಿಟ್ಟು ಹೊರಡುತ್ತಾನೆ. ಅಷ್ಟರಲ್ಲಿ ವರ್ಷಗಟ್ಟಲೆ ಕೈಗೆ ಸಿಗದ ಆ ಕಳ್ಳ ತಾನೇ ಚೌಕಿಗೆ ಬಂದು ಎರಡೂ ಕೈ ಮುಂದೆ ಚಾಚುತ್ತಾನೆ. "ಒಂದು ಸಲ ಹಿಡೀರಿ ಸಾಹೇಬ್. ಹೋಗೋ ಮುಂಚೆ ಒಂದಾದರೂ ಕೇಸು ಆಗಲಿ."

ನಗುವ ಸೀನು. ಎರಡು ಮಾತು ಚೆನ್ನಾಗಿಯೇ ನಡೆದವು. ಮೂರನೆಯ ಮಾತಿಗೆ ದೀಪದ ಶಾಖಕ್ಕೆ ಬೆವರೊಡೆದು ಟೇಪು ಬಿಟ್ಟಿತು. ಕ್ಯಾಮೆರಾದ ಎದುರೇ ಅವನ ಮುಖದ ಎಡಭಾಗ ಮೆಲ್ಲಗೆ ಕೆಳಗಿಳಿಯಿತು. ಸ್ನೇಹಲ ಬ್ರಶ್ಶು ಹಿಡಿದು ಓಡಲು ಹೊರಟಳು. ಆಬಾಸಾಹೇಬರು 'ಕಟ್' ಎನ್ನಲು ಕೈ ಎತ್ತಿದರು.

ಸಿದ್ದರಾಯ ನಿಲ್ಲಲಿಲ್ಲ. ಕಳ್ಳನ ಚಾಚಿದ ಕೈಗಳನ್ನು ನೋಡಿದ. ಬೇಡಿ ಹುಡುಕುವವನಂತೆ ಜೇಬು ತಡವಿದ. ಸಿಗಲಿಲ್ಲ. ಆಮೇಲೆ ಆ ಎರಡು ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಕೊಂಡ.

"ಹಿಡಿದೆ," ಅಂದ, ಜಾರುವ ತುಟಿಯಿಂದಲೇ, ನಿಧಾನವಾಗಿ, ಒಂದೊಂದೇ ಅಕ್ಷರ ಜೋಡಿಸುತ್ತಾ. "ಹಿಡಿದೆ ನೋಡು. ಈಗ ಮನೆಗೆ ಹೋಗು. ಹೆಂಡತಿ ಕಾಯುತ್ತಿರುತ್ತಾಳೆ."

ನಗಬೇಕಾದವರು ಯಾರೂ ನಗಲಿಲ್ಲ. ಕಳ್ಳನ ಪಾತ್ರದವನು ತನ್ನ ಮುಂದಿನ ಮಾತು ಮರೆತು ಬಿಕ್ಕಿದ. ಆಬಾಸಾಹೇಬರ ಎತ್ತಿದ ಕೈ ಹಾಗೇ ಉಳಿಯಿತು. ಪಕ್ಕದ ಕಾರ್ಖಾನೆಯಲ್ಲಿ ಸುತ್ತಿಗೆ ಬಿದ್ದ ಸದ್ದೂ ಆ ಶಾಟಿನಲ್ಲಿ ಸೇರಿಕೊಂಡಿತು. ಯಾರೂ ಮರುಶಾಟ್ ಕೇಳಲಿಲ್ಲ.

ಶೆಡ್ಡಿನ ಹಿಂದೆ ನೀರಿನ ಟಾಕಿಯ ಬಳಿ ಸಿದ್ದರಾಯ ಮುಖ ತೊಳೆದುಕೊಳ್ಳುತ್ತಿದ್ದ. ಸ್ನೇಹಲ ಟವೆಲ್ ಹಿಡಿದು ದೂರವೇ ನಿಂತಳು.

"ಸಿಟ್ಟ ಹೋಗೈತೇನ್ರಿ?"

"ಇಲ್ಲ," ಅಂದ ಅವನು. "ಸ್ವಲ್ಪ ಐತಿ. ನಿನ್ನ ಮ್ಯಾಲೂ ಐತಿ, ನನ್ನ ಮ್ಯಾಲೂ ಐತಿ."

ಅವಳು ತಲೆ ತಗ್ಗಿಸಿದಳು. "ಹಂಗಾದರ ನಾ ಬರ್ತೇನ್ರಿ. ಟವೆಲ್ ಇಲ್ಲೇ ಇಡ್ತೇನಿ."

"ಎಲ್ಲಿಗೆ ಹೋಗ್ತಿ? ಪೂರ್ತಿ ಕೇಳು." ಅವನು ಹತ್ತಿರ ಬಂದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. "ಎರಡ ರಾತ್ರಿ ಕುರಿ ಕಾಯಕೋತ ಇದನ್ನ ವಿಚಾರ ಮಾಡೇನಿ. ಸಿಟ್ಟ ಪೂರಾ ಇಳೀಲಿ, ಆಮ್ಯಾಲ ಮಾತಾಡೂಣು ಅಂತ ಕುಂತರ ಇಬ್ಬರಿಗೂ ವಯಸ್ಸಾಗತೈತಿ. ಸಿಟ್ಟೂ ಇರಲಿ ಒಂದ ಕಡೆ. ನೀನೂ ಇರು. ನೀ ಇಲ್ದ ನನಗ ಆಗವಲ್ದು, ಸ್ನೇಹಲ. ಇದನ್ನ ಮಾರಿ ಚಲೋ ಇದ್ದಾಗ ಹೇಳಬೇಕಿತ್ತು."

ಅವಳು ಅಳುತ್ತಲೇ ಅವನ ಎಡಗೆನ್ನೆಯ ಮೇಲೆ ಅಂಗೈ ಇಟ್ಟಳು. ಅಲ್ಲಿ ಚರ್ಮ ಬೆಚ್ಚಗಿತ್ತು, ಒಳಗೆ ಏನೂ ಮಿಸುಕಲಿಲ್ಲ. ಅವನು ಹಿಂದೆ ಸರಿಯಲಿಲ್ಲ.

"ಗೊತ್ತಾಕ್ಕೈತೇನ್ರಿ ನನ್ನ ಕೈ?"

"ಗೊತ್ತಾಕ್ಕೈತಿ. ಅಲ್ಲಾಡಿಸಾಕಷ್ಟ ಆಗೂದಿಲ್ಲ."

ಆ ಎಪಿಸೋಡು ಬಂದ ಸಂಜೆ ಕೊಲ್ಲಾಪುರದ ಪಾನ್‌ಪಟ್ಟಿ ಅಂಗಡಿಗಳ ಮುಂದೆ ಜನ ನಗುವುದು ಬಿಟ್ಟು ನಿಂತು ನೋಡಿದರಂತೆ. ಅದರ ಮೇಲೆ ಸಿದ್ದರಾಯನಿಗೆ ಹೊಸ ಪಾತ್ರವೇನೂ ಬರಲಿಲ್ಲ. ಚಾನೆಲ್ಲು ಹೊಸ ಹವಾಲ್ದಾರನನ್ನು ತಂದಿತು, ಹರ್ಷದನನ್ನೇ. ಸಿದ್ದರಾಯ ಕೊಲ್ಲಾಪುರದಲ್ಲಿ ಮಕ್ಕಳಿಗೆ ನಾಟಕ ಕಲಿಸಲು ಸೇರಿಕೊಂಡ. ಸ್ನೇಹಲ ದಿನಾ ಕೆಲಸ ಮುಗಿಸಿ ಬಂದು ಅವನೆದುರು ತಾನೂ ಹುಬ್ಬೇರಿಸಿ, ಕೆನ್ನೆಯುಬ್ಬಿಸಿ ಕೂರುತ್ತಿದ್ದಳು. ಒಬ್ಬನೇ ಕನ್ನಡಿ ನೋಡಲಾರದವನು ಅವಳನ್ನು ನೋಡಿ ವ್ಯಾಯಾಮ ಮಾಡಿದ. ನಾಲ್ಕು ತಿಂಗಳಿಗೆ ಕಣ್ಣು ಮುಚ್ಚತೊಡಗಿತು. ತುಟಿ ಮುಕ್ಕಾಲು ಬಂದು ಅಲ್ಲಿಗೇ ನಿಂತಿತು.

ಜಾತಿಯ ಮಾತು ಬಾರದೇ ಇರಲಿಲ್ಲ. ಸ್ನೇಹಲಳ ಮನೆಯವರು ದಲಿತರು, ಬೌದ್ಧ ಧರ್ಮ ಹಿಡಿದವರು. ಅವಳ ಅಪ್ಪ, ಕುರಿಯವರ ಮನೆಯಲ್ಲಿ ಮಗಳನ್ನು ಹೇಗೆ ಕಾಣುತ್ತಾರೋ ಎಂದು ಎರಡು ತಿಂಗಳು ಒಪ್ಪಲಿಲ್ಲ. ಹಳ್ಳಿಯ ಕಡೆಯವರೂ ದುರ್ಗವ್ವನ ಬಾಗಿಲಿಗೆ ಬಂದು ಕೂತರು. ಆಕೆ ಉಣ್ಣೆ ಹಿಂಜುವುದನ್ನು ನಿಲ್ಲಿಸದೆ ಅಂದಳು, "ಮಾರಿ ನೋಡಿ ಬಂದಾಕಿ ಅಲ್ಲ ಆಕಿ, ಮಾರಿ ಹೋದ ಮ್ಯಾಲ ಬಂದಾಕಿ. ನಾ ಯಾವ ಬಾಯಿಲೆ ಕುಲ ಕೇಳಲಿ?" ಆ ಮಾತು ಇಚಲಕರಂಜಿಯ ತನಕ ಹೋಯಿತು. ಅಪ್ಪ ಒಂದು ಭಾನುವಾರ ತಾನೇ ಗಡಹಿಂಗ್ಲಜದ ಬಸ್ಸು ಹತ್ತಿದ.

ಜೂನಿನಲ್ಲಿ ಕೊಲ್ಲಾಪುರದಲ್ಲಿ ರಜಿಸ್ಟರ್ ಮದುವೆ ಆಯಿತು. ಸಹಿ ಹಾಕಿ ಬಂದು ಎದುರಿನ ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಂತರು. ಫೋಟೋಗ್ರಾಫರ್ 'ನಗಿ' ಅಂದ. ಸಿದ್ದರಾಯ ಗಂಭೀರವಾಗಿ ನಿಂತ. ಸ್ನೇಹಲ ಅವನ ಕಿವಿಯಲ್ಲಿ ಏನೋ ಹೇಳಿದಳು. ತಡೆಯಲಾರದೆ ನಕ್ಕ, ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಮುಕ್ಕಾಲು.

ಕಂಪ್ಯೂಟರಿನಲ್ಲಿ ಫೋಟೋ ತೆರೆದ ಫೋಟೋಗ್ರಾಫರ್ ಸಂಕೋಚದಿಂದ ಸ್ನೇಹಲಳತ್ತ ತಿರುಗಿ ಕೇಳಿದ. ಸಾಹೇಬರ ಬಾಯಿ ಸ್ವಲ್ಪ ಸೊಟ್ಟ ಬಂದಿದೆ, ನೀಟು ಮಾಡಿಬಿಡಲೇ? ಎರಡು ನಿಮಿಷದ ಕೆಲಸ, ಯಾರಿಗೂ ಗೊತ್ತಾಗು‍ವುದಿಲ್ಲ.

ಸಿದ್ದರಾಯ ಅವಳ ಮುಖ ನೋಡಿದ. ಹೇಳುವ ಅಧಿಕಾರ ಅವಳಿಗೇ ಬಿಟ್ಟವನಂತೆ ನಿಂತ.

ಸ್ನೇಹಲ ಪರದೆಯ ಹತ್ತಿರ ಬಾಗಿ, ಗಂಡನ ಮುಖವನ್ನು ಮೇಕಪ್ಪಿನವಳ ಕಣ್ಣಿನಿಂದ ಒಂದು ಸುತ್ತು ನೋಡಿದಳು. ಹುಬ್ಬು, ಕೆನ್ನೆ, ತುಟಿ.

"ಬ್ಯಾಡ್ರಿ," ಅಂದಳು. "ಎಲ್ಲಾ ಬರೋಬ್ಬರಿ ಐತಿ. ಹಂಗ ಪ್ರಿಂಟ್ ತಗೀರಿ."